ಪರಾಯ: ಒಂದು ಇಂಗ್ಲಿಷ್ ಪದದ ಜಾತಿ

ನಿರ್ಬಂಧಕ್ಕೆ ಒಳಗಾದ ದೇಶವನ್ನು ಇಂಗ್ಲಿಷ್ ಪತ್ರಿಕೆಗಳು 'ಪರಾಯ' ರಾಷ್ಟ್ರ ಅಂತ ಬರೆಯುತ್ತವೆ. ಹಗರಣದಲ್ಲಿ ಸಿಕ್ಕಿಬಿದ್ದ ರಾಜಕಾರಣಿಯೂ ಪರಾಯ, ಬೀದಿನಾಯಿಯೂ ಪರಾಯ. ನಿಘಂಟು ತೆರೆದರೆ 'ಬಹಿಷ್ಕೃತ' ಎಂಬ ಅರ್ಥ ಸಿಗುತ್ತದೆ.

ಇದು ಇಂಗ್ಲಿಷರು ಹುಟ್ಟಿಸಿದ ಪದವಲ್ಲ. ತಮಿಳುನಾಡಿನ ಪರೈಯರ್ ಎಂಬ ದಲಿತ ಸಮುದಾಯದ ಹೆಸರು. ತಮಿಳಿನಲ್ಲಿ 'ಪರೈ' ಅಂದರೆ ಚರ್ಮವಾದ್ಯ. 'ಹೇಳು' ಎಂಬ ಅರ್ಥವೂ ಅದಕ್ಕುಂಟು. ಹಳಗನ್ನಡದ 'ಪಱೆ' ಇದೇ ಬಳಗದ್ದು. ಹೆಸರಿಗೆ ವಾದ್ಯ ಅಂಟಿಕೊಂಡಿದ್ದರೂ ಈ ಜನರಲ್ಲಿ ಬಹುಪಾಲು ಹೊಲಗದ್ದೆಗಳಲ್ಲಿ ದುಡಿದವರು. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಪರೈ ಬೇಕು, ಬಡಿಯೋನು ಮಾತ್ರ ಊರಾಚೆ ಇರಬೇಕು. ನಮ್ಮ ತಮಟೆಯ ಕತೆಯೂ ಇದೇ ತಾನೆ?

17ನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ಇದು ಒಂದು ಜಾತಿಯ ಹೆಸರು. 19ನೇ ಶತಮಾನದ ಹೊತ್ತಿಗೆ ಹೊರದೂಡಿಸಿಕೊಂಡ ಯಾರಿಗಾದರೂ ಅಂಟಿಸುವ ನಾಮಪದವಾಯಿತು. ಮುಂದೆ ಮ್ಯಾಕ್ಸ್ ವೇಬರ್ ಯಹೂದಿಗಳನ್ನೂ 'ಪರಾಯ ಜನ' ಎಂದು ಕರೆದ. ಪದ ಲೋಕ ಸುತ್ತಿತು, ಪದದೊಳಗಿನ ಜನ ಕಾಣೆಯಾದರು.

ನನ್ನ ತಕರಾರು ಇರುವುದು ಇಲ್ಲಿ. ದೇಶವೊಂದು ಹೊರಗಾಗುವುದು ತಾನು ಮಾಡಿದ ಕೃತ್ಯಕ್ಕೆ. ಪರೈಯರು ಮಾಡಿದ ತಪ್ಪಾದರೂ ಏನು? ಹುಟ್ಟಿದ್ದು! ಈ ರೂಪಕ ಅಸ್ಪೃಶ್ಯತೆಯನ್ನು ತಪ್ಪಿಗೆ ಸಿಕ್ಕ ಶಿಕ್ಷೆಯ ಹಾಗೆ ತೋರಿಸುತ್ತದೆ. ಹೊರದಬ್ಬಿದವರ ಹೆಸರನ್ನೇ ಎತ್ತುವುದಿಲ್ಲ.

1893ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಮದರಾಸಿನಲ್ಲಿ ಪತ್ರಿಕೆ ಹೊರಡಿಸಿದರು. ಅದಕ್ಕೆ ಇಟ್ಟ ಹೆಸರು 'ಪರೈಯನ್'. ಬೈಗುಳ ಅಂತ ಬಳಸುತ್ತಿದ್ದ ಪದ ಅಲ್ಲಿ ಹಕ್ಕು ಕೇಳುವವನ ರುಜುವಾಯಿತು. ದಲಿತ ವಿಮರ್ಶೆ ಪದಗಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೆ: ಆಡ್ತಿರೋ ಬಾಯಿ ಯಾರದ್ದು?