ವಿಷಯ ಬಿಟ್ಟ ಸಂವಾದ: ಉಪನ್ಯಾಸದ ಫಲ ಯಾರಿಗೆ?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳ ಸಾಹಿತ್ಯ ಕಾರ್ಯಕ್ರಮಗಳಲ್ಲಿ ಉಪನ್ಯಾಸದ ಬಳಿಕ ಸಂವಾದಕ್ಕೆಂದು ಹದಿನೈದು-ಇಪ್ಪತ್ತು ನಿಮಿಷ ಮೀಸಲಿಡುವುದು ವಾಡಿಕೆ. ಅರ್ಥವಾಗದ್ದನ್ನು ಬಿಡಿಸಿಕೊಳ್ಳಲು, ಒಪ್ಪದ್ದನ್ನು ಹೇಳಲು ಸಭಿಕರಿಗೆ ದೊರೆಯುವ ಹೊತ್ತು ಅದೊಂದೇ. ಆದರೆ ಧ್ವನಿವರ್ಧಕ ಸಭೆಯ ಕಡೆಗೆ ಬಂದದ್ದೇ ತಡ, ಮಾತು ವಿಷಯ ಬಿಟ್ಟು ಎತ್ತೆತ್ತಲೋ ಸಾಗುವುದು ಹಲವು ಸಭೆಗಳ ಅನುಭವ. ತಿಂಗಳುಗಟ್ಟಲೆ ಓದಿ ಸಿದ್ಧರಾಗಿ ಬಂದ ಉಪನ್ಯಾಸಕರಿಗೂ, ದೂರದಿಂದ ಬಂದ ಶ್ರೋತೃಗಳಿಗೂ ಇದರಿಂದ ಆಗುವ ನಿರಾಸೆ ಸಣ್ಣದಲ್ಲ.

ಯಶವಂತ ಚಿತ್ತಾಲರ 'ಶಿಕಾರಿ' ಕಾದಂಬರಿಯ ಕುರಿತ ಉಪನ್ಯಾಸವೊಂದನ್ನು ಊಹಿಸಿಕೊಳ್ಳಿ. 1979ರಲ್ಲಿ ಪ್ರಕಟವಾದ ಈ ಕೃತಿ ಮುಂಬಯಿಯದೇ ಕಥೆ. ರಾಸಾಯನಿಕ ಕಂಪೆನಿಯ ಅಧಿಕಾರಿ ನಾಗಪ್ಪ ಒಂದು ದಿನ ಇದ್ದಕ್ಕಿದ್ದಂತೆ ಅಮಾನತಿಗೆ ಒಳಗಾಗುತ್ತಾನೆ. ತನ್ನ ಮೇಲಿನ ಆರೋಪವೇನು, ಬೇಟೆಗಾರರು ಯಾರು ಎಂಬುದನ್ನು ಹುಡುಕುತ್ತ ತತ್ತರಿಸುತ್ತಾನೆ. ಥಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯಲ್ಲೋ ಡೊಂಬಿವಲಿಯ ಎಂಐಡಿಸಿಯಲ್ಲೋ ದುಡಿಯುವ ಕನ್ನಡದ ಯುವಕನಿಗೆ ಈ ಕಥೆ ದೂರದ್ದಲ್ಲ. ಕೆಲಸ ಕಳೆದುಕೊಳ್ಳುವ ಭಯ, ಮೇಲಧಿಕಾರಿಯ ಮೌನ, ಸಹೋದ್ಯೋಗಿಯ ಮೇಲಿನ ಸಂಶಯ ಅವನಿಗೂ ಗೊತ್ತು. ಕೇಳಲು ಅವನಲ್ಲಿ ಒಂದು ಪ್ರಶ್ನೆಯಿರುತ್ತದೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಎದ್ದು ಊರಿನ ದೈವಸ್ಥಾನದ ಜೀರ್ಣೋದ್ಧಾರದ ವಿಚಾರ ತೆಗೆಯುತ್ತಾರೆ. ಇನ್ನೊಬ್ಬರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ರಜೆಯ ದಿನಗಳಲ್ಲಿ ಟಿಕೆಟ್ ಸಿಗದ ಸಂಕಟ. ಮತ್ತೊಬ್ಬರು ಕನ್ನಡ ಶಾಲೆಗಳು ಮುಚ್ಚುತ್ತಿರುವುದಕ್ಕೆ ಸರಕಾರವನ್ನು ತರಾಟೆಗೆ ತೆಗೆದುಕೊಂಡು, ಕೊನೆಯಲ್ಲಿ ಪ್ರಶ್ನೆಯನ್ನೇ ಕೇಳದೆ ಕುಳಿತುಬಿಡುತ್ತಾರೆ. ಸಮಯ ಮೀರಿತೆಂದು ಧನ್ಯವಾದ ಸಮರ್ಪಣೆಗೆ ಕರೆ ಬರುತ್ತದೆ. ಹಿಂದಿನ ಸಾಲಿನಲ್ಲಿ ಅರ್ಧ ಎತ್ತಿದ ಕೈ ಕೆಳಗಿಳಿಯುತ್ತದೆ. ನಾಗಪ್ಪನ ಬಗ್ಗೆ ಒಂದು ಮಾತೂ ಬಾರದೆ ಸಂವಾದ ಮುಗಿದಿರುತ್ತದೆ.

ಮಾತು ಜಾರುವುದೇಕೆ?

ಇದನ್ನು ಬರಿಯ ಅಶಿಸ್ತು ಎಂದು ತಳ್ಳಿಹಾಕುವಂತಿಲ್ಲ. ಕಾರ್ಖಾನೆ, ಬ್ಯಾಂಕ್, ಹೋಟೆಲುಗಳಲ್ಲಿ ವಾರವಿಡೀ ಮರಾಠಿ, ಹಿಂದಿಯಲ್ಲಿ ವ್ಯವಹರಿಸುವವರಿಗೆ ನಾಲ್ಕು ಜನರ ಎದುರು ಕನ್ನಡದಲ್ಲಿ ಮಾತನಾಡುವ ಅವಕಾಶ ಸಿಗುವುದೇ ಸಂಘದ ಸಭಾಗೃಹದಲ್ಲಿ. ತಿಂಗಳಿಗೊಮ್ಮೆ ಕೈಗೆ ಬಂದ ಧ್ವನಿವರ್ಧಕದ ಮುಂದೆ ಮನಸ್ಸಿನಲ್ಲಿ ಕೂಡಿಟ್ಟದ್ದೆಲ್ಲ ಹೊರಬರುತ್ತದೆ. ರೈಲು, ಶಾಲೆ, ಊರಿನ ದೇವಸ್ಥಾನ ಇವೆಲ್ಲ ನಿಜವಾದ ಸಮಸ್ಯೆಗಳೇ. ಅವುಗಳನ್ನು ಹೇಳಿಕೊಳ್ಳಲು ಬೇರೆ ವೇದಿಕೆ ಇಲ್ಲದಿದ್ದಾಗ ಸಾಹಿತ್ಯದ ಸಭೆಯೇ ಅಹವಾಲು ಸಭೆಯಾಗುತ್ತದೆ.

ಸಂಘಟಕರ ಪಾಲೂ ಇದರಲ್ಲಿದೆ. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಅತಿಥಿಗಳ ಹೆಸರುಗಳು ಎದ್ದು ಕಾಣುತ್ತವೆ. ಉಪನ್ಯಾಸದ ವಿಷಯ ಒಂದು ಸಾಲಿನಲ್ಲಿ ಅಡಗಿರುತ್ತದೆ. ಯಾವ ಪುಸ್ತಕದ ಬಗ್ಗೆ ಮಾತು ಎಂಬುದು ಮೊದಲೇ ತಿಳಿದಿದ್ದರೆ ನಾಲ್ಕು ಮಂದಿಯಾದರೂ ಓದಿಕೊಂಡು ಬರುತ್ತಾರೆ. ರವಿವಾರ ಮೆಗಾಬ್ಲಾಕ್ ಇದ್ದರಂತೂ ಲೋಕಲ್ ರೈಲಿನಲ್ಲಿ ಬರುವವರು ಅರ್ಧ ಉಪನ್ಯಾಸ ಮುಗಿದ ಮೇಲೆ ಒಳಗೆ ಬರುತ್ತಾರೆ. ಕೇಳದೇ ಇದ್ದ ಮಾತಿನ ಮೇಲೆ ಪ್ರಶ್ನೆ ಹುಟ್ಟುವುದಾದರೂ ಹೇಗೆ? ಇನ್ನು ಹಿರಿಯರನ್ನೂ ದಾನಿಗಳನ್ನೂ ಮಾತಿನ ನಡುವೆ ತಡೆಯುವ ಧೈರ್ಯ ನಿರೂಪಕರಿಗೆ ಇರುವುದಿಲ್ಲ.

ಭಾಗವತರ ಹಿಡಿತ

ಮಾತನ್ನು ಹದ್ದಿನಲ್ಲಿಡುವ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಈ ಪರಿಸರದ ತುಳು-ಕನ್ನಡಿಗರಿಗೆ ತಾಳಮದ್ದಳೆ ಚಿರಪರಿಚಿತ. ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗ, ದೇರಾಜೆ ಸೀತಾರಾಮಯ್ಯ ಅವರಂಥ ಅರ್ಥಧಾರಿಗಳು ತಮ್ಮ ಕಾಲದಲ್ಲಿ ಮಾತಿನಿಂದಲೇ ಸಭೆಯನ್ನು ಗಂಟೆಗಟ್ಟಲೆ ಹಿಡಿದಿಟ್ಟವರು. ಅಲ್ಲಿ ಬರೆದುಕೊಟ್ಟ ಸಂಭಾಷಣೆಯಿಲ್ಲ. ಆದರೂ ಮಾತಿಗೆ ಪ್ರಸಂಗದ ಪದ್ಯವೇ ಆಧಾರ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಎಷ್ಟು ಕಟುವಾಗಿ ಬೇಕಾದರೂ ಪ್ರಶ್ನಿಸಬಹುದು. ಆ ಪ್ರಶ್ನೆ ಹುಟ್ಟುವುದು ಮರೆಯಲ್ಲಿ ನಿಂತು ಬಿಟ್ಟ ಬಾಣದಿಂದಲೇ. ಅರ್ಥಧಾರಿಯ ಮಾತು ಪ್ರಸಂಗ ಬಿಟ್ಟು ಲಂಬಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಯಾರಿಗೂ ಅವಮಾನವಾಗುವುದಿಲ್ಲ, ಕಥೆ ಮುಂದೆ ಸಾಗುತ್ತದೆ. ಸಂವಾದದ ನಿರೂಪಕರಿಗೂ ಬೇಕಾದುದು ಭಾಗವತರ ಈ ಅಧಿಕಾರ, ಅದರ ಜತೆಗೆ ಈ ಸೌಜನ್ಯ.

ಶೂನ್ಯ ವೇಳೆಯ ಪಾಠ

ದೇಶದ ಸಂಸತ್ತೂ ಇದೇ ತೊಡಕನ್ನು ಎದುರಿಸಿದೆ. ಲೋಕಸಭೆಯ ನಿಯಮಾವಳಿಯ 41ನೇ ನಿಯಮದಂತೆ ಪ್ರಶ್ನೆಯು ಸಾಮಾನ್ಯವಾಗಿ 150 ಪದಗಳನ್ನು ಮೀರುವಂತಿಲ್ಲ. ಅಪ್ರಸ್ತುತವಾಗಿ ಅಥವಾ ಹೇಳಿದ್ದನ್ನೇ ಹೇಳುತ್ತ ಹೋಗುವ ಸದಸ್ಯರಿಗೆ ಭಾಷಣ ನಿಲ್ಲಿಸುವಂತೆ ಸೂಚಿಸುವ ಅಧಿಕಾರವನ್ನು 356ನೇ ನಿಯಮ ಸಭಾಧ್ಯಕ್ಷರಿಗೆ ನೀಡಿದೆ. ಆದರೆ ನಿಯಮದಿಂದ ಮಾತ್ರ ಕೆಲಸ ಆಗಲಿಲ್ಲ. ಕಾರ್ಯಸೂಚಿಯಲ್ಲಿಲ್ಲದ ತುರ್ತು ವಿಷಯಗಳನ್ನು ಎತ್ತಲು 1960ರ ದಶಕದಲ್ಲಿ ಶೂನ್ಯ ವೇಳೆ ರೂಢಿಗೆ ಬಂತು. ನಿಯಮಾವಳಿಯಲ್ಲಿ ಅದರ ಹೆಸರೇ ಇಲ್ಲ. ಆದರೂ ಅದು ಉಳಿದುಕೊಂಡಿದೆ. ಬೇರೆ ಮಾತಿಗೆ ಬೇರೆ ಹೊತ್ತು ಕೊಟ್ಟಾಗ ಪ್ರಶ್ನೋತ್ತರ ವೇಳೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂಬುದು ಇಲ್ಲಿನ ಪಾಠ.

ಏನು ಮಾಡಬಹುದು?

ಸಂಘಗಳು ಇದನ್ನು ಅನುಸರಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಉಪನ್ಯಾಸದ ವಿಷಯವನ್ನೂ ಪುಸ್ತಕದ ಹೆಸರನ್ನೂ ಆಮಂತ್ರಣದ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬಹುದು. ಸಭೆಯ ಆರಂಭದಲ್ಲಿಯೇ ಸಣ್ಣ ಚೀಟಿಗಳನ್ನು ಹಂಚಿ ಪ್ರಶ್ನೆಗಳನ್ನು ಬರೆದುಕೊಡುವಂತೆ ಕೋರಬಹುದು. ಇದರಿಂದ ಎದ್ದುನಿಂತು ಮಾತನಾಡಲು ಸಂಕೋಚಪಡುವ ಗೃಹಿಣಿಯರ, ವಿದ್ಯಾರ್ಥಿಗಳ ಪ್ರಶ್ನೆಗಳೂ ವೇದಿಕೆ ತಲುಪುತ್ತವೆ. ಮೊದಲ ಎರಡು ಪ್ರಶ್ನೆಗಳನ್ನು ಯುವಜನರಿಗೆ ಮೀಸಲಿಡಬಹುದು. ನಿರೂಪಕರ ಸೂಚನೆ ಗಣ್ಯರಿಗೂ ಅನ್ವಯಿಸುತ್ತದೆ ಎಂಬುದನ್ನು ಅಧ್ಯಕ್ಷರೇ ಆರಂಭದಲ್ಲಿ ಪ್ರಕಟಿಸಿದರೆ ನಿರೂಪಕರ ಮುಜುಗರ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಹಾ ವಿರಾಮದ ಬಳಿಕ ಅರ್ಧ ಗಂಟೆ ಸಮಾಜದ ಅಹವಾಲುಗಳಿಗೆಂದೇ ಇಟ್ಟು, ಹೇಳಿದ್ದನ್ನು ಕಾರ್ಯದರ್ಶಿಗಳು ಬರೆದುಕೊಳ್ಳಬೇಕು. ರೈಲಿನ ವಿಷಯ ರೈಲ್ವೆ ಇಲಾಖೆಗೆ, ಶಾಲೆಯ ವಿಷಯ ಸಂಬಂಧಪಟ್ಟವರಿಗೆ ಮನವಿಯಾಗಿ ಹೋದರೆ ಹೇಳಿದವರಿಗೂ ಸಮಾಧಾನ.

ಕರ್ನಾಟಕದಲ್ಲಿ ಪುಸ್ತಕವೊಂದರ ಚರ್ಚೆಗೆ ಹಲವು ದಾರಿಗಳಿವೆ. ಹೊರನಾಡಿನಲ್ಲಿ ಲೇಖಕ ತನ್ನ ಓದುಗರನ್ನು ಎದುರಾಬದುರು ಕಾಣುವುದು ಹೆಚ್ಚಾಗಿ ಇಂಥ ಸಭೆಗಳಲ್ಲಿಯೇ. ಬರೆದದ್ದನ್ನು ಓದಿದವರು ಇದ್ದಾರೆ ಎಂಬ ಭರವಸೆ ಅವನಿಗೆ ದೊರೆಯುವುದು ಒಂದು ನೇರ ಪ್ರಶ್ನೆಯಿಂದ, ಒಂದು ಭಿನ್ನಾಭಿಪ್ರಾಯದಿಂದ. ಶಾಲು, ಹಾರ, ಸ್ಮರಣಿಕೆಗಳಿಂದ ಅದು ಸಿಗುವುದಿಲ್ಲ. ಕೇಳುಗನ ಪಾಡೂ ಇಷ್ಟೇ. ಥಾಣೆ-ವಾಶಿ ನಡುವಿನ ಟ್ರಾನ್ಸ್‌ಹಾರ್ಬರ್ ಮಾರ್ಗದಲ್ಲಿ 2004ರಲ್ಲಿ ಪ್ರಯಾಣಿಕ ರೈಲು ಓಡಾಟ ಆರಂಭವಾದ ಮೇಲೆ ಕಲ್ಯಾಣ್, ಡೊಂಬಿವಲಿಯವರಿಗೆ ನವಿಮುಂಬಯಿಯ ಕಾರ್ಯಕ್ರಮಗಳು ಹತ್ತಿರವಾಗಿವೆ. ಹಾಗಿದ್ದರೂ ಥಾಣೆಯಲ್ಲಿ ಗಾಡಿ ಬದಲಿಸಿ, ವಾರದ ಒಂದೇ ರಜೆಯನ್ನು ಕೊಟ್ಟು ಬಂದ ತರುಣ ಎರಡು ಬಾರಿ ಪ್ರಶ್ನೆ ಕೇಳಲಾಗದೆ ಮರಳಿದರೆ ಮೂರನೇ ಬಾರಿ ಬರಲಾರ. ಸಭೆಗಳಲ್ಲಿ ಯುವಜನರೇ ಕಾಣುವುದಿಲ್ಲ ಎಂದು ಕೊರಗುವ ಪದಾಧಿಕಾರಿಗಳು ಈ ಮಾತನ್ನು ಗಮನಿಸಬೇಕು.

ಸಭಿಕರು ಮಾಡಬೇಕಾದದ್ದೂ ಹೆಚ್ಚೇನಿಲ್ಲ. ಧ್ವನಿವರ್ಧಕ ಹಿಡಿಯುವ ಮುನ್ನ ಈ ಪ್ರಶ್ನೆ ಇಂದಿನ ಉಪನ್ಯಾಸದಿಂದ ಹುಟ್ಟಿದ್ದೇ ಎಂದು ಒಂದು ಕ್ಷಣ ಯೋಚಿಸಿದರೆ ಸಾಕು. ಹೌದಾದರೆ ಧೈರ್ಯವಾಗಿ ಕೇಳಲಿ. ಅಲ್ಲವಾದರೆ ಚಹಾದ ನಂತರದ ಅರ್ಧ ಗಂಟೆಗೆ ಕಾದು, ಹಿಂದಿನ ಸಾಲಿನಲ್ಲಿ ಕೈ ಎತ್ತಿದವರಿಗೆ ಅವಕಾಶ ಬಿಟ್ಟುಕೊಡಲಿ.