ಮಿತವ್ಯಯಿಯ ಉದಗೀರ

ದೇಶ ನೋಡಬೇಕೆಂಬ ಆಸೆ ದೊಡ್ಡದಾಗಿದ್ದು ಅದಕ್ಕೆ ತಕ್ಕ ದ್ರವ್ಯಾನುಕೂಲವಿಲ್ಲದವನು, ದೂರದ ಕೀರ್ತಿವೆತ್ತ ನಗರಗಳಿಗೆ ಹೋಗಿ ಅಲ್ಲಿಯ ಹೊಟೆಲುಗಳ ಬಾಗಿಲಲ್ಲಿ ಸಂಕೋಚದಿಂದ ನಿಲ್ಲುವುದಕ್ಕಿಂತ, ಮಹಾರಾಷ್ಟ್ರದ ಗಡಿಯ ಗುಂಜೋಟಿಯಿಂದ ಉಮರ್ಗಾ, ಅಲ್ಲಿಂದ ನಿಲಂಗಾ, ನಿಲಂಗಾದಿಂದ ಉದಗೀರ ಎಂದು ಎಸ್.ಟಿ.ಯ ಕೆಂಪು ಬಸ್ಸುಗಳನ್ನು ಬದಲಿಸುತ್ತ ಹೋಗುವುದು ಮೇಲು. ಧನಿಕ ಪ್ರವಾಸಿಗೆ ಎಲ್ಲವೂ ಮುಂಗಡವಾಗಿ ಸಿದ್ಧವಾಗಿರುವುದರಿಂದ ಅವನು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಮಿತವ್ಯಯಿಯಾದರೋ ಬಸ್ಸು ಯಾವುದು, ಖಾನಾವಳಿ ಎಲ್ಲಿ, ರಾತ್ರಿ ತಂಗುವುದಕ್ಕೆ ಅಗ್ಗದ ಕೋಣೆ ಯಾವ ಗಲ್ಲಿಯಲ್ಲಿ ಎಂದು ಹೆಜ್ಜೆಹೆಜ್ಜೆಗೂ ವಿಚಾರಿಸಬೇಕು. ಹಾಗೆ ವಿಚಾರಿಸುತ್ತಿರುವಾಗಲೇ, ಈ ಸೀಮೆಯಲ್ಲಿ ಯಾವ ವ್ಯವಹಾರ ಯಾವ ಭಾಷೆಯಲ್ಲಿ ನಡೆಯುತ್ತದೆಂಬುದು ಅವನಿಗೆ ತಾನಾಗಿ ತಿಳಿದುಬರುತ್ತದೆ. ಬಸ್ಸಿನ ಹಣೆಯ ಹಲಗೆ ಮರಾಠಿ; ಕಂಡಕ್ಟರನೊಡನೆ ಚಿಲ್ಲರೆಗಾಗಿ ನಡೆಯುವ ವಾಗ್ವಾದ ದಖನಿ; ಪಕ್ಕದಲ್ಲಿ ಕುಳಿತ ಮುದುಕಿ ಮೊಮ್ಮಗನನ್ನು ಗದರಿಸುವುದು ಕನ್ನಡ. ಆಕೆಯೇ ತುಸು ಹೊತ್ತಿನ ಮೇಲೆ ಇತ್ತ ತಿರುಗಿ, “ಯಾ ಊರು ತಮ್ಮಾ ನಿಂದು? ಉದಗೀರದಾಗ ಯಾರ ಮನ್ಯಾಗ ಇಳೀತಿ?” ಎಂದು ಕೇಳುತ್ತಾಳೆ. ಲಾಡ್ಜಿನಲ್ಲಿ ಎಂಬ ಉತ್ತರ ಕೇಳಿದಾಗ ಆಕೆಯ ಮುಖದಲ್ಲಿ ಮೂಡುವ ಅನುಕಂಪ, ಬಂಧುಹೀನನ ವಿಷಯದಲ್ಲಿ ಲೋಕ ತೋರುವಂಥದು.

ಈ ಮಾರ್ಗದ ಬಸ್ಸಿಗೂ ಒಂದು ವಂಶಾವಳಿಯುಂಟು. ಹೈದರಾಬಾದು ಸಂಸ್ಥಾನದಲ್ಲಿ ನಿಜಾಮನ ರೈಲ್ವೆಯವರೇ 1932ರಲ್ಲಿ 27 ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿದರು. ಆಗ ನಿಲಂಗಾ, ಉದಗೀರಗಳೆರಡೂ ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ 1ರಂದು ಭಾಷಾವಾರು ವಿಂಗಡಣೆಯಾದಾಗ ಬೀದರ ಮೈಸೂರಿಗೆ ಬಂದಿತು, ಈ ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಸೇರಿದವು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾದಾಗ ಮತ್ತೊಮ್ಮೆ ಯಜಮಾನಿಕೆ ಬದಲಾಯಿತು. ಗುಂಜೋಟಿ, ಉಮರ್ಗಾಗಳು ಮಾತ್ರ ಉಸ್ಮಾನಾಬಾದಿನಲ್ಲೇ, ಎಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ, ಉಳಿದುಕೊಂಡವು. ಕಡತಗಳು ಹೀಗೆ ಊರಿಂದೂರಿಗೆ ಅಲೆದರೂ ಹೆಣ್ಣು ಕೊಟ್ಟು ತರುವ ದಾರಿ ಅಲೆಯಲಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿಗಳ ಕಡೆಗೆ ಅದು ಇಂದಿಗೂ ಮೊದಲಿನಂತೆಯೇ ನಡೆದಿದೆ. ಬದಲಾದದ್ದು ಟಿಕೀಟಿನ ಲೆಕ್ಕವೊಂದೇ. ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಆ ರಾಜ್ಯದ ಹೆಣ್ಣುಮಕ್ಕಳಿಗೆ 2023ರಿಂದ ಪ್ರಯಾಣ ಉಚಿತ, ಮಹಾರಾಷ್ಟ್ರದಲ್ಲಿ ಅದೇ ವರ್ಷದಿಂದ ಎಲ್ಲ ಹೆಣ್ಣುಮಕ್ಕಳಿಗೂ ಅರ್ಧ ದರ. ಆದ್ದರಿಂದ ತವರಿಗೆ ಹೊರಟ ಗೃಹಿಣಿಯರು ಗಡಿಯ ಯಾವ ಊರಿನಲ್ಲಿ ಇಳಿದು ಯಾವ ಬಸ್ಸು ಹತ್ತಿದರೆ ಲಾಭವೆಂಬುದನ್ನು ಅರ್ಥಶಾಸ್ತ್ರಜ್ಞರೂ ನಾಚುವಷ್ಟು ಸೂಕ್ಷ್ಮವಾಗಿ ಬಲ್ಲರು. ಮಿತವ್ಯಯದ ಪ್ರವಾಸ ಮಾಡುವವನು ಅವರಲ್ಲಿ ಶಿಷ್ಯತ್ವ ವಹಿಸುವುದು ಒಳ್ಳೆಯದು.

ಉಮರ್ಗಾ ಹೆದ್ದಾರಿಯ ಊರು. ಸೊಲ್ಲಾಪುರ ಹೈದರಾಬಾದುಗಳ ನಡುವಣ ಲಾರಿಗಳ ಧೂಳನ್ನುಂಡು ಬೆಳೆದದ್ದು. ಅಲ್ಲಿ ಚಹಾ ಕುಡಿದು ಮುಂದುವರಿಯಬಹುದು. ಕಾಸಾರ ಸಿರಸಿಯನ್ನು ಹಾದು ಬರುವ ನಿಲಂಗಾ ಹಾಗಲ್ಲ. ಪೇಟೆಯ ಗದ್ದಲದ ನಡುವೆಯೇ ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನೀಲಕಂಠೇಶ್ವರ ದೇವಾಲಯವಿದೆ. ಕೋನಕೋನವಾಗಿ ಮಡಿಚಿಕೊಂಡ ನಕ್ಷತ್ರಾಕಾರದ ಗೋಡೆ, ಅದರ ಮೇಲಣ ಕೃಷ್ಣಶಿಲೆಯ ಸುರಸುಂದರಿಯರು, ಬಿಸಿಲು ಏರಿದಂತೆ ನೆರಳನ್ನು ಬದಲಿಸುತ್ತ ನಿಂತಿರುತ್ತಾರೆ. ಸುತ್ತಲಿನವರು ಇಂಥ ಗುಡಿಗಳನ್ನೆಲ್ಲ ಹೇಮಾಡಪಂತಿ ಎಂದುಬಿಡುವ ರೂಢಿ. ಯಾದವರ ಮಂತ್ರಿ ಹೇಮಾಡಪಂತನಿಗೆ ಇಷ್ಟೊಂದು ಪುಣ್ಯವನ್ನು ಕಟ್ಟಬೇಕಾಗಿಲ್ಲವೆಂದೂ, ಇದರಲ್ಲಿ ಕಲ್ಯಾಣದವರ ಪಾಲನ್ನು ಅವರಿಗೆ ಬಿಟ್ಟುಕೊಡಬಹುದೆಂದೂ ನನ್ನ ಅಭಿಪ್ರಾಯ. ನಿಲಂಗಾದಿಂದಾಚೆ ಮಾಂಜ್ರಾ ನದಿಯನ್ನು ದಾಟಿದರೆ ಎರೆಯ ಹೊಲಗಳ ವಿಸ್ತಾರ, ಸೋಯಾ, ತೊಗರಿ, ಹಿಂಗಾರಿ ಜೋಳ, ಆಮೇಲೆ ಉದಗೀರ.

ಉದಗೀರದ ಪ್ರಾಣವಿರುವುದು ಅದರ ಮೊಂಢಾದಲ್ಲಿ. ಧಾನ್ಯದ ಈ ಅಡತಿ ಪೇಟೆಯಲ್ಲಿ ತೊಗರಿಯ ರಾಶಿಗಳ ನಡುವೆ ಹಮಾಲರು ಓಡಾಡುವುದನ್ನೂ, ದಾಲ್ ಮಿಲ್ಲುಗಳ ಮೇಲೆ ಹಳದಿ ಧೂಳು ತೇಲುವುದನ್ನೂ, ಸೌದಾದ ಕೂಗು ಒಂದು ರಾಶಿಯಿಂದ ಇನ್ನೊಂದಕ್ಕೆ ಹಾರುವುದನ್ನೂ ನೋಡುತ್ತ ಒಂದು ಪೂರ್ವಾಹ್ಣವನ್ನು ಕಳೆಯುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಇನ್ನೂ ದೊಡ್ಡ ಆಟ ದನದ ಸಂತೆಯದು. ಹಿಂದೆ ಉದಗೀರ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ದೇವಣಿಯ ಹೆಸರನ್ನು ಹೊತ್ತ ತಳಿ ಈ ಸೀಮೆಯ ಹೆಮ್ಮೆ. ಬೀದರ ಜಿಲ್ಲೆಯ ರೈತರೂ ಅದನ್ನು ತಮ್ಮದೆಂದೇ ಸಾಕುತ್ತಾರೆ. ಮೈಯೆಲ್ಲ ಬಿಳುಪಾಗಿದ್ದು ಮುಖದಲ್ಲಿ ಮಾತ್ರ ಕಪ್ಪುಳ್ಳದ್ದು ವಾನೇರಾ, ಹೊಟ್ಟೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳುಳ್ಳದ್ದು ಬಾಲಂಕ್ಯಾ, ಮೈತುಂಬ ಅಡ್ಡಾದಿಡ್ಡಿ ಮಚ್ಚೆಗಳುಳ್ಳದ್ದು ಶೇವರಾ ಎಂದು ಬಣ್ಣ ನೋಡಿ ಕುಲ ಹೇಳುತ್ತಾರೆ; ಹೊರಗಿನವನು ಈ ಮೂರನ್ನು ಸರಿಯಾಗಿ ಗುರುತಿಸಿದರೆ ಅವನಿಗೆ ಒಂದು ಚಹಾ ನಿಶ್ಚಿತ. ದರ ಕುದುರಿಸುವ ಗಳಿಗೆ ಬಂದಾಗ ಮೂರು ಭಾಷೆಗಳೂ ನಿಂತುಹೋಗುತ್ತವೆ. ದಲಾಲಿಯೂ ಗಿರಾಕಿಯೂ ಒಂದು ವಸ್ತ್ರದ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಸಾವಿರ, ಗಂಟು ಒತ್ತಿ ನೂರು ಎಂದು ಮೌನದಲ್ಲಿಯೇ ವಾದಿಸುತ್ತಾರೆ. ಸುತ್ತ ನಿಂತವರು ಇಬ್ಬರ ಹುಬ್ಬುಗಳನ್ನು ನೋಡಿ ದರವನ್ನು ಊಹಿಸಬೇಕು.

ಕೋಟೆಯನ್ನು ಇಳಿಹೊತ್ತಿನಲ್ಲಿ ನೋಡತಕ್ಕದ್ದು. ಬಹಮನಿಗಳ ಕಾಲದ ಈ ದುರ್ಗ ಬೀದರದ ಬರೀದಶಾಹಿಯ ಕೈಗೂ ಆಮೇಲೆ ಬೇರೆಯವರ ಕೈಗೂ ಹೋಗಿ, 1636ರಲ್ಲಿ ಶಹಾಜಹಾನನ ಸೇನೆಗೆ ಶರಣಾಯಿತು. ಕಂದಕ, ಜೋಡು ಗೋಡೆ, ಕುಸಿದ ಮಹಲುಗಳು, ಪಾರಸಿ ಶಾಸನಗಳು, ಇವುಗಳ ನಡುವೆ ಊರಿಗೆ ಹೆಸರು ಕೊಟ್ಟನೆಂದು ಜನ ನಂಬುವ ಉದಯಗಿರಿ ಬಾವನ ಸಮಾಧಿ. ಮಹಲುಗಳಲ್ಲಿ ಇಂದು ಪಾರಿವಾಳಗಳಿಗೆ ಮಾತ್ರ ಮರ್ಯಾದೆ, ಬಾವನಿಗೆ ಇಂದಿಗೂ ಭಕ್ತರುಂಟು. ಈ ಉದಗೀರದ ಬಳಿಯೇ 1760ರ ಫೆಬ್ರವರಿ 3ರಂದು ಪೇಶವೆಯವರ ಸೇನಾನಿ ಸದಾಶಿವರಾವ ಭಾವು ನಿಜಾಮನ ಸೈನ್ಯವನ್ನು ಸೋಲಿಸಿದನು. ಹಿಂದೆ ನಿಜಾಮನ ಚಾಕರಿಯಲ್ಲಿದ್ದ ಇಬ್ರಾಹಿಂ ಖಾನ ಗಾರ್ದಿಯ ತೋಪುಗಳು ಅಂದು ಪೇಶವೆಯವರ ಪಕ್ಷದಲ್ಲಿ ಗರ್ಜಿಸಿದವು. ದೌಲತಾಬಾದು, ಬುರಹಾನಪುರಗಳ ಜೊತೆಗೆ ನಮ್ಮ ಬಿಜಾಪುರವೂ ಆ ಸೋಲಿನ ದಂಡವಾಗಿ ಪುಣೆಗೆ ಸಂದಿತು. ಆದರೆ ಈ ವಿಜಯವೇ ಭಾವುವಿಗೆ ಮುಳುವಾಯಿತೆಂದು ತೋರುತ್ತದೆ. ಇಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಅವನನ್ನು ಉತ್ತರಕ್ಕೆ ಕಳುಹಿದರು; ವರ್ಷ ತುಂಬುವ ಮೊದಲೇ, 1761ರ ಜನವರಿ 14ರಂದು, ಪಾಣಿಪತದಲ್ಲಿ ಅವನು ಬಿದ್ದನು, ಸೆರೆಸಿಕ್ಕಿದ ಗಾರ್ದಿಯನ್ನು ಕೊಂದರು.

ನೆತ್ತರಿನ ನೆನಪಿಗಾಗಿ ಇಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ನಿಜಾಮನ ಆಳಿಕೆಯ ಕಡೆಯ ವರ್ಷಗಳ ಕೋಲಾಹಲದಲ್ಲಿ ಆರ್ಯಸಮಾಜದ ತರುಣ ವೇದಪ್ರಕಾಶ ಗುಂಜೋಟಿಯಲ್ಲಿ ಕೊಲೆಗೀಡಾದನು. ಉದಗೀರದ ವಕೀಲ ಶಾಮಲಾಲರು 1938ರಲ್ಲಿ ಬೀದರದ ಸೆರೆಮನೆಯಲ್ಲಿ ತೀರಿಕೊಂಡರು. ಉದಗೀರದಲ್ಲಿ ಶಾಮಲಾಲರ ಹೆಸರಿನ ಶಾಲೆಯೊಂದಿದೆ. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನೆರೆದದ್ದೂ ಈ ಊರಿನಲ್ಲಿಯೇ. ಮರಾಠಿಯ ಮಹೋತ್ಸವಕ್ಕೆ ಮಂಟಪ ಕಟ್ಟಿದ ಪಟ್ಟಣದ ಸಂತೆಯಲ್ಲಿ, ಬದನೆಕಾಯಿ ತೂಗುವ ಹೆಂಗಸು ಪಕ್ಕದವಳೊಡನೆ ಕನ್ನಡದಲ್ಲಿ ಸುಖದುಃಖ ಹೇಳಿಕೊಳ್ಳುವುದನ್ನು ಕೇಳಬಹುದು.

ಉಣಿಸು, ವಸತಿಗಳ ವಿಷಯವನ್ನು ಬೇಗನೆ ಹೇಳಿ ಮುಗಿಸಬಹುದು. ಬೆಳಗಿಗೆ ಸುಸಲಾ ಮತ್ತು ಮೆಣಸಿನಕಾಯಿ ಭಜಿ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಝುಣಕಾ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಮಲಗುವುದಕ್ಕೆ ಬಸ್ ನಿಲ್ದಾಣದ ಸುತ್ತಣ ಲಾಡ್ಜುಗಳು, ಅಲ್ಲಿಯ ಹಾಸಿಗೆಯನ್ನು ಹಗಲಿನಲ್ಲಿಯೇ ಪರೀಕ್ಷಿಸಿ ಒಪ್ಪಿಕೊಳ್ಳುವುದು ವಿವೇಕ. ಹಿಂದಿರುಗುವಾಗ ಬಸ್ಸು ಬೇಸರವಾದರೆ, ನಿಜಾಮನ ಕಾಲದಲ್ಲಿ ವಿಕಾರಾಬಾದಿನಿಂದ ಪರಳಿಗೆ ಹಾಕಿದ ರೈಲುಹಾದಿ ಊರಲ್ಲೇ ಇದೆ. ಬೀದರದವರೆಗೆ ಸಾಮಾನ್ಯ ಡಬ್ಬಿಯ ಟಿಕೀಟು ಯಾರ ಕಿಸೆಗೂ ಭಾರವಾಗದು.

ಕಾಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಳ್ಳವನು ಎಳ್ಳ ಅಮಾವಾಸ್ಯೆಗೆ ಬರತಕ್ಕದ್ದು. ಡಿಸೆಂಬರ ಕಡೆಗೋ ಜನವರಿಯ ಮೊದಲಿಗೋ ಬೀಳುವ ಈ ದಿನ ಲಾತೂರು, ಧಾರಾಶಿವ ಜಿಲ್ಲೆಗಳ ಜನ, ಗಡಿಯಾಚೆ ಬೀದರ ಕಲಬುರಗಿಗಳವರಂತೆಯೇ, ಊರನ್ನು ಬಿಟ್ಟು ಹೊಲ ಸೇರುತ್ತಾರೆ. ಪೇಟೆ ಮುಚ್ಚಿ ಬೀದಿಗಳು ಬರಿದಾಗುತ್ತವೆ. ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಪೈರಿಗೆ ಚರಗ ಚೆಲ್ಲಿದ ಮೇಲೆ, ಕಾಳುಪಲ್ಲೆಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಡಕೆಯಲ್ಲಿ ಹುಳಿಯೇರಿದ ಮಜ್ಜಿಗೆಯ ಅಂಬಲಿ, ಇವುಗಳ ಮುಂದೆ ಎಲ್ಲರೂ ಕುಳಿತುಕೊಳ್ಳುತ್ತಾರೆ. ದಾರಿಹೋಕನನ್ನು ಕೂಗಿ ಕರೆದು ಕೂರಿಸದಿದ್ದರೆ ಹಬ್ಬ ಪೂರ್ತಿಯಾಗದು. ಖಾನಾವಳಿಯ ಬಾಗಿಲು ಮುಚ್ಚಿದೆಯೆಂದು ಪೇಚಾಡುವ ಪ್ರವಾಸಿ ಊರಾಚೆ ಅರ್ಧ ಮೈಲಿ ನಡೆದರೆ ಸಾಕು. ಅಂದು ಬೆಳಿಗ್ಗೆ ಏನನ್ನೂ ತಿನ್ನದೆ ಹೋಗುವುದು ಲೇಸು, ಏಕೆಂದರೆ ಒಂದು ಹೊಲದಲ್ಲಿ ಉಂಡೆನೆಂಬ ನೆವವನ್ನು ಪಕ್ಕದ ಹೊಲದವರು ಒಪ್ಪುವುದಿಲ್ಲ.