ಅಂಗೈಗೆ ತಿಳಿಯುವ ಬಸಿರು

ಇಂಗ್ಲೆಂಡಿನ ರಾಣಿ ಮೊದಲನೇ ಮೇರಿ 1555ರಲ್ಲಿ ಹೆರಿಗೆಗೆಂದು ಕೋಣೆ ಸೇರಿದಳು. ಹೊಟ್ಟೆ ಮುಂದೆ ಬಂದಿತ್ತು, ಮಗು ಮಿಸುಕಾಡಿದ್ದೂ ಅವಳ ಅನುಭವಕ್ಕೆ ಬಂದಿತ್ತು. ತೊಟ್ಟಿಲು ಸಿದ್ಧವಾಯಿತು. ದಿನ ತುಂಬಿ ಮೀರಿದರೂ ಮಗು ಬರಲಿಲ್ಲ. ಹೊಟ್ಟೆ ತಾನಾಗಿ ಇಳಿಯಿತು.

ಅದಕ್ಕೇ ವೈದ್ಯರು ಎಲ್ಲ ಲಕ್ಷಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮುಟ್ಟು ನಿಂತದ್ದು, ವಾಕರಿಕೆ, ಬಯಕೆ ಅನುಮಾನಕ್ಕೆ ಸಾಕು, ತೀರ್ಮಾನಕ್ಕಲ್ಲ. ಒಳಪರೀಕ್ಷೆಯ ಗುರುತು ಇನ್ನಷ್ಟು ಗಟ್ಟಿ. ರಕ್ತಸಂಚಾರ ಹೆಚ್ಚಿ ಗರ್ಭಕೋಶದ ಬಾಯಿ ನೀಲಿಗೆ ತಿರುಗುತ್ತದೆ. ಮೂಗಿನ ತುದಿಯಷ್ಟು ಗಡುಸಾಗಿದ್ದದ್ದು ತುಟಿಯಷ್ಟು ಮೆತ್ತಗಾಗುತ್ತದೆ. (ಪಠ್ಯಪುಸ್ತಕದ್ದೇ ಹೋಲಿಕೆ ಇದು, ನನ್ನದಲ್ಲ.)

ಖಚಿತವಾಗಬೇಕಾದರೆ ಮಗುವೇ ಸಾಕ್ಷಿ ಹೇಳಬೇಕು. ಮಗು ಅಲುಗಿದಾಗ ಗರ್ಭಜಲದ ಸಪ್ಪಳ ಕೇಳಿಸೀತೇ ಎಂದು ಫ್ರಾನ್ಸಿನ ವೈದ್ಯ ಕೆರ್ಗರಾಡೆಕ್ 1821ರಲ್ಲಿ ಬಸುರಿಯ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟ. ಕೇಳಿಸಿದ್ದು ಗಡಿಯಾರದ ಟಿಕ್‌ಟಿಕ್‌ನಂಥ ಸದ್ದು, ತಾಯಿಯ ನಾಡಿಗಿಂತ ತೀರ ಚುರುಕು. ಅದು ನಿಮಿಷಕ್ಕೆ 110ರಿಂದ 160 ಸಲ ಬಡಿಯುವ ಪುಟ್ಟ ಎದೆ.

ಬಸಿರು ಹೌದೆಂದಾದ ಮೇಲೆ ಕೈಗೆ ಕೆಲಸ. 12 ವಾರಕ್ಕೆ ಗರ್ಭಕೋಶ ಕಿಬ್ಬೊಟ್ಟೆಯ ಎಲುಬಿನ ಮೇಲೆ ಇಣುಕುತ್ತದೆ. 20ರಿಂದ 24 ವಾರದೊಳಗೆ ಹೊಕ್ಕುಳು ಮುಟ್ಟುತ್ತದೆ, 36ಕ್ಕೆ ಎದೆಗೂಡಿನ ಕೆಳಗೆ. ಆಮೇಲೆ ಮಗುವಿನ ತಲೆ ಕೆಳಗೆ ಕೂತು ‘ಹೊಟ್ಟೆ ಇಳಿದಿದೆ’ ಎಂದು ಅಜ್ಜಿಯರು ಹೇಳುವ ಹಂತ. ತಲೆ ಎಲ್ಲಿದೆ, ಬೆನ್ನು ಎತ್ತ ಎಂಬುದೂ ಪಳಗಿದ ಬೆರಳಿಗೆ ತಿಳಿಯುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೇಶ ಗೌರವಿಸಿದ್ದು ಅಂಥ ಬೆರಳುಗಳನ್ನೇ.

ಈಗ ಸ್ಕ್ಯಾನಿಂಗ್ ಇದೆ, ಇರಲೇಬೇಕು. ಆದರೆ ವರದಿಯನ್ನಷ್ಟೇ ನೋಡಿ ಹೊಟ್ಟೆ ಮುಟ್ಟದೆ ಕಳಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. 24 ವಾರ ದಾಟಿದ ಮೇಲೆ ಗರ್ಭಕೋಶದ ಎತ್ತರ ದರ್ಜಿಯ ಟೇಪಿನಲ್ಲಿ ಎಷ್ಟು ಸೆಂಟಿಮೀಟರೋ ಹೆಚ್ಚುಕಡಿಮೆ ಅಷ್ಟೇ ವಾರ. ಮೂರು ಸೆಂಟಿಮೀಟರ್ ಕಡಿಮೆ ಬಂದರೆ ಮಗುವಿನ ಬೆಳವಣಿಗೆಯನ್ನು ಸ್ಕ್ಯಾನಿಂಗ್‌ನಲ್ಲಿ ನೋಡಬೇಕಾಗುತ್ತದೆ.

ಮುಂದಿನ ತಪಾಸಣೆಯಲ್ಲಿ ಅಳತೆ ಎಷ್ಟು ಬಂತೆಂದು ಸಿಸ್ಟರನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅಳೆಸುವ ಮೊದಲು ಮೂತ್ರಕ್ಕೆ ಹೋಗಿಬನ್ನಿ. ಮೂತ್ರಕೋಶ ತುಂಬಿದ್ದರೆ ಲೆಕ್ಕ ಏರಿಬಿಡುತ್ತದೆ.